ನಕ್ಕರೆ ಬೀಳುವವಳಿಗೆ ಎಚ್ಚರದ ಮಾತ್ರೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸೋಮಾರಿಯಲ್ಲ. ಈ ಒಂದು ಮಾತನ್ನು ನಂಬಿಸುವುದಕ್ಕೆ ನನ್ನ ಅರ್ಧ ಆಯಸ್ಸು ಹೋಯಿತು. ಹುಟ್ಟಿದ ಊರು, ಸೇರಿದ ಮನೆ, ಸ್ಕೂಲಿನ ಮೇಷ್ಟ್ರು, ಪೇಟೆಯ ಡಾಕ್ಟರು, ಸ್ಟಾಪು ದಾಟಿದ ಮೇಲೆ ಎಬ್ಬಿಸಿ ಬೈದ ಬಸ್ ಕಂಡಕ್ಟರು, ಎಲ್ಲರೂ ಸೇರಿ ನನಗೆ ಆ ಬಿರುದು ಕೊಟ್ಟಿದ್ದರು. ಮೊನ್ನೆ ನಮ್ಮ ಬೀದಿಯ ಹೆಂಗಸೊಬ್ಬಳು ತನ್ನ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. "ಟೀಚರೇ, ಇವ್ಳಿಗೆ ನೀವಾದ್ರೂ ಬುದ್ಧಿ ಹೇಳಿ. ಕ್ಲಾಸಲ್ಲಿ ತೂಕಡಿಸ್ತಾಳಂತೆ. ನಗ್ತಾ ನಗ್ತಾ ಕುಸ್ದು ಕೂತ್ಕೊತಾಳೆ. ಎಲ್ಲಾ ನಾಟಕ ಕಣ್ರೀ" ಅಂದಳು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳನ್ನು ಸರಿಯಾದ ಡಾಕ್ಟರ ಹತ್ತಿರ ಕಳಿಸಿ, ಆ ಉರಿ ಆರುವ ಮೊದಲೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮದು ದಬ್ಬೇಘಟ್ಟದ ಕಡೆ ಒಂದು ಹಳ್ಳಿ. ಹೈಸ್ಕೂಲು ಮುಗಿಯುವ ಹೊತ್ತಿಗೆ ಈ ನಿದ್ದೆ ನನ್ನನ್ನು ಹಿಡಿಯಿತು. ರಾತ್ರಿ ಚೆನ್ನಾಗಿ ಮಲಗಿದ್ದರೂ ಬೆಳಿಗ್ಗೆ ಪಾಠ ಶುರುವಾದರೆ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ನಿದ್ದೆ ಬರುತ್ತಿದೆ ಎಂದು ಗೊತ್ತಾಗುವಷ್ಟು ಪುರುಸೊತ್ತೂ ಸಿಗುತ್ತಿರಲಿಲ್ಲ. ಕಣ್ಣು ಬಿಟ್ಟಾಗ ಬರೆಯುತ್ತಿದ್ದ ಅಕ್ಷರ ಗೆರೆ ಬಿಟ್ಟು ಹಾಳೆಯ ಅಂಚಿಗೆ ಹರಿದಿರುತ್ತಿತ್ತು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ನಿಂತೇ ನಿದ್ದೆ ಮಾಡಿದೆ. ಇಡೀ ಕ್ಲಾಸು ಗೊಳ್ಳೆಂದಿತು. ನನಗೂ ನಗು ಬಂತು, ನಕ್ಕ ಕೂಡಲೇ ಮಂಡಿ ಕುಸಿದು ಬೆಂಚಿನಿಂದ ಕೆಳಗೆ ಬಿದ್ದೆ. "ಏನ್ ಡ್ರಾಮಾನಮ್ಮ ನಿಂದು" ಅಂದರು ಮೇಷ್ಟ್ರು.

ಮನೆಯಲ್ಲಿ ಅವ್ವ, "ವಯಸ್ಸಿಗೆ ಬಂದ ಹುಡುಗಿ, ರಕ್ತ ಕಮ್ಮಿ ಐತೆ" ಎಂದು ಹುರಿಹಿಟ್ಟಿಗೆ ಬೆಲ್ಲ ಕಲಸಿ ತಿನ್ನಿಸಿದಳು. ಅಪ್ಪ ಏನೂ ಅನ್ನುತ್ತಿರಲಿಲ್ಲ. ತೋಟಕ್ಕೆ ಬುತ್ತಿ ಕೊಡಲು ಹೋದವಳು ಅಲ್ಲೇ ತೆಂಗಿನ ಬುಡದಲ್ಲಿ ಮಲಗಿಬಿಟ್ಟರೆ, ಮೇಲಿಂದ ಕಾಯಿ ಬಿದ್ದೀತೆಂದು ನನ್ನನ್ನು ಎತ್ತಿಕೊಂಡು ಹೋಗಿ ಬದುವಿನ ಹೊಂಗೆ ನೆರಳಿಗೆ ಮಲಗಿಸುತ್ತಿದ್ದರು. ಎದ್ದ ಮೇಲೆ ಒಂದು ಮಾತೂ ಕೇಳುತ್ತಿರಲಿಲ್ಲ.

ನನಗೆ ಇಪ್ಪತ್ತು ತುಂಬಿದ ವರ್ಷ ಚಿಕ್ಕನಾಯಕನಹಳ್ಳಿ ಕಡೆಯ ಸಂಬಂಧ ಬಂತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹುಡುಗನಿಗೆ ತಂದೆ ಇರಲಿಲ್ಲ, ಆ ಮನೆಯಲ್ಲಿ ಅವರ ದೊಡ್ಡಪ್ಪನದೇ ಯಜಮಾನಿಕೆ. ನಾನು ಅವರನ್ನು ದೊಡ್ಡಮಾವ ಎಂದು ಕರೆಯಬೇಕಾಯಿತು. ಒಳ್ಳೆ ತೋಟ, ಅಟ್ಟದ ತುಂಬ ಕಾಯಿ, ಇನ್ನೇನು ಬೇಕು ಎಂದು ಎಲ್ಲರೂ ಅಂದರು. ನನ್ನ ನಿದ್ದೆಯ ವಿಷಯ ಯಾರೂ ಎತ್ತಲಿಲ್ಲ. ಅದು ಕಾಯಿಲೆ ಎಂದು ನಮಗೇ ಗೊತ್ತಿಲ್ಲದಿದ್ದಾಗ ಎತ್ತುವುದಾದರೂ ಹೇಗೆ?

ಮದುವೆ ಆಯಿತು. ಗಂಡನ ಮನೆಯ ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಅದನ್ನು ಒದ್ದು ಒಳಗೆ ಹೋಗಬೇಕು, ಅಷ್ಟರಲ್ಲಿ ನಾದಿನಿ ಬಾಗಿಲಿಗೆ ಅಡ್ಡ ಕೈಯಿಟ್ಟಳು. "ನಮ್ಮಣ್ಣನ ಹೆಸ್ರು ಹೇಳಿ ಒಳಗೆ ಬನ್ನಿ ಅತ್ತಿಗೆ." ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಆಡುವುದು ಆ ಒಂದು ದಿನ, ಅದೂ ಒಗಟು ಕಟ್ಟಿ. ಅವ್ವ ನನಗೆ ಒಂದನ್ನು ಕಲಿಸಿ ಕಳಿಸಿದ್ದಳು. ನಾನು ನಾಚಿಕೊಂಡೇ ಶುರು ಮಾಡಿದೆ. "ಅಟ್ಟದ ಮೇಲೆ ಕಾಯಿ, ಒಲೆಯ ಮೇಲೆ ಹಾಲು, ನನ್ನ ಕೈಯ ಹಿಡಿದವರು..." ಅಲ್ಲಿಗೆ ಮಾತು ತಡೆಯಿತು. ಹಿಂದೆ ನಿಂತಿದ್ದ ಒಬ್ಬ ಮುದುಕಿ, "ಬೇಗ ಹೇಳೇ ತಾಯಿ, ಹಾಲು ಉಕ್ಕೋಯ್ತದೆ!" ಅಂದಳು.

ನನಗೆ ತಡೆಯಲಾರದಷ್ಟು ನಗು ಬಂತು. ಮೊದಲು ದವಡೆ ಸಡಿಲವಾಯಿತು, ಆಮೇಲೆ ಕುತ್ತಿಗೆ, ಆಮೇಲೆ ಮಂಡಿ. ಸೇರಿನ ಮೇಲೆ ಬಿದ್ದೆ, ಅಕ್ಕಿಯೆಲ್ಲ ಚೆಲ್ಲಿತು. ಬಾಯಿ ಬಿಡಲಾಗಲಿಲ್ಲ, ಬೆರಳು ಆಡಿಸಲಾಗಲಿಲ್ಲ. ಆದರೆ ಎಲ್ಲ ಕೇಳಿಸುತ್ತಿತ್ತು. ಓದುವವರು ಇದೊಂದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಬಿದ್ದವಳಿಗೆ ಎಲ್ಲ ಕೇಳಿಸುತ್ತಿತ್ತು.

"ಅಯ್ಯೋ, ಫಿಟ್ಸು! ಕೈಗೆ ಕಬ್ಬಿಣ ಕೊಡ್ರೋ!" ಯಾರೋ ಬೀಗದ ಕೈ ತುರುಕಿದರು. ಯಾರೋ ಮೂಗಿಗೆ ಚಪ್ಪಲಿ ಹಿಡಿದರು. ಆ ಚಪ್ಪಲಿ ದೊಡ್ಡಮಾವನದು, ಸಗಣಿ ಮೆಟ್ಟಿಕೊಂಡು ಬಂದದ್ದು. ಹೊಸ ಸೀರೆ, ಮಲ್ಲಿಗೆ, ಬಾಸಿಂಗದ ಹೆಣ್ಣಿನ ಮೂಗಿಗೆ ಸಗಣಿ ಚಪ್ಪಲಿ. ಅತ್ತೆ ಅಳುತ್ತಾ, "ಗಂಡನ ಹೆಸ್ರು ಬಾಯಿಗೆ ಬರೋ ಮುಂಚೇನೇ ಬಿದ್ಲಲ್ಲಪ್ಪ, ಇದೆಂಥ ಕಾಲ್ಗುಣ" ಅಂದರು. ದೊಡ್ಡಮಾವ, "ಮುಚ್ಚಿಟ್ಟು ದಾಟಿಸವ್ರೆ ಕಣಮ್ಮ, ಹಸಿ ಕಾಯ್ನ ಕೊಬ್ರಿ ಅಂತ ದಾಟಿಸ್ದಂಗೆ" ಅಂದರು. ಒಂದೆರಡು ನಿಮಿಷಕ್ಕೆ ನಾನೇ ಎದ್ದು ಕೂತೆ. ನನ್ನ ಕೈ ಹಿಡಿದವರು ಮಾತಾಡದೆ ನನ್ನ ಜಡೆಗೆ ಅಂಟಿದ್ದ ಅಕ್ಕಿಯನ್ನು ಒಂದೊಂದಾಗಿ ತೆಗೆದರು. ಅಷ್ಟು ಮಾತ್ರ ಆ ದಿನ ನನಗೆ ಸಿಕ್ಕ ಮರ್ಯಾದೆ. ಹೆಸರು ಹೇಳುವ ಶಾಸ್ತ್ರ ಅಲ್ಲಿಗೇ ನಿಂತುಹೋಯಿತು.

ಆ ಮನೆಯಲ್ಲಿ ನನಗೆ ಮೊದಲ ಕಟ್ಟಳೆ ಹಾಕಿದವರು ಅತ್ತೆ. "ನೀನು ನಗಬ್ಯಾಡ ಕಣವ್ವ. ನಗದೇ ಇದ್ರೆ ಬೀಳಲ್ಲ. ಅದೇ ಔಷಧಿ." ನಗದೇ ಬಾಳುವುದು ಎಷ್ಟು ಕಷ್ಟ ಎಂದು ಯಾರಾದರೂ ಯೋಚಿಸಿದ್ದೀರಾ? ಅಟ್ಟದಿಂದ ಒಣಗಿದ ಕಾಯಿ ಇಳಿಸಿ ಕೊಬ್ಬರಿ ಬಿಡಿಸುವ ದಿನಗಳಲ್ಲಿ ಹೆಂಗಸರೆಲ್ಲ ಸುತ್ತ ಕೂರುತ್ತಾರೆ. ಕಾಯಿ ಅಲ್ಲಾಡಿಸಿ ಕಿವಿಗೆ ಹಿಡಿದು, ಒಳಗೆ ಉಂಡೆ ಲೊಡಲೊಡ ಅಂದರೆ ಚಿಪ್ಪು ಒಡೆಯುತ್ತಾರೆ. ಕೈ ಕೆಲಸ ಮಾಡುತ್ತದೆ, ಬಾಯಿ ಊರ ಸುದ್ದಿಯನ್ನೆಲ್ಲ ಆಡಿ ನಗುತ್ತದೆ. ನನ್ನನ್ನು ಮಾತ್ರ ಗೋಡೆ ಕಡೆ ಮುಖ ಮಾಡಿ ದೂರ ಕೂರಿಸುತ್ತಿದ್ದರು, ನಗು ತಾಗಬಾರದೆಂದು. ಮಾತಿಲ್ಲದೆ ಕೂತರೆ ನಿದ್ದೆ ಬಿಡುತ್ತದೆಯೇ? ಮಚ್ಚು ಹಿಡಿದೇ ತೂಕಡಿಸಿ ಎಡಗೈ ಹೆಬ್ಬೆರಳು ಸೀಳಿಕೊಂಡೆ. ಆ ಗುರುತು ಇನ್ನೂ ಇದೆ. "ಕುಂಭಕರ್ಣನ ತಂಗಿ" ಎಂದು ಅತ್ತೆ ಅರಿಶಿನ ಮೆತ್ತಿದರು.

ದೊಡ್ಡಮಾವ ಪೇಟೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಪ್ರಶ್ನೆಯೆಲ್ಲ ಕೇಳಿದ್ದು ದೊಡ್ಡಮಾವನನ್ನು. ಎಷ್ಟು ದಿನಕ್ಕೊಮ್ಮೆ ಬರುತ್ತೆ, ಕೈಕಾಲು ಒದರುತ್ತಾಳಾ, ಬಾಯಲ್ಲಿ ನೊರೆ ಬರುತ್ತಾ. "ಬತ್ತದೆ ಸ್ವಾಮಿ, ಎಲ್ಲಾ ಬತ್ತದೆ" ಅಂದರು ದೊಡ್ಡಮಾವ. ಅಪ್ಪಟ ಸುಳ್ಳು. ನಾನು ತಡೆಯಲಾರದೆ, "ಇಲ್ಲ ಡಾಕ್ಟ್ರೇ, ನಕ್ಕಾಗ ಮಾತ್ರ ಬೀಳ್ತೀನಿ. ನಂಗೆ ಎಲ್ಲ ಕೇಳಿಸ್ತಿರುತ್ತೆ" ಅಂದೆ. ಅವರು ತಲೆ ಕೂಡ ಎತ್ತಲಿಲ್ಲ. "ನೀನು ಸುಮ್ನಿರಮ್ಮ, ಬಿದ್ದವಳಿಗೆ ಏನು ಗೊತ್ತಾಗುತ್ತೆ" ಅಂದು ಫಿಟ್ಸಿನ ಮಾತ್ರೆ ಬರೆದರು.

ಕೊಬ್ಬರಿ ಕೊಳ್ಳುವವರು ಕಾಯನ್ನಾದರೂ ಅಲ್ಲಾಡಿಸಿ ನೋಡುತ್ತಾರೆ ಕಣ್ರೀ. ಆ ಮನುಷ್ಯ ನನ್ನ ನಾಡಿಯನ್ನೂ ಹಿಡಿಯಲಿಲ್ಲ.

ಆ ಮಾತ್ರೆ ಬರಿಸುವುದೇ ನಿದ್ದೆ ಎಂದು ಆಮೇಲೆ ಗೊತ್ತಾಯಿತು. ಮೊದಲೇ ಮುಳುಗುತ್ತಿದ್ದವಳ ತಲೆ ಮೇಲೆ ಇನ್ನೊಂದು ಕೊಡ ನೀರು ಸುರಿದಂತಾಯಿತು. ಮುದ್ದೆ ತಿರುವುತ್ತಾ ಒಲೆ ಮುಂದೆ ಮಲಗಿದೆ, ಬಟ್ಟೆ ಒಗೆಯುತ್ತಾ ಕಲ್ಲಿನ ಮೇಲೆ ಮಲಗಿದೆ. ಬೀಳುವುದು ಮಾತ್ರ ನಿಲ್ಲಲಿಲ್ಲ. ಆಗ ದೊಡ್ಡಮಾವ ನ್ಯಾಯ ಸೇರಿಸಿದರು. ಅಪ್ಪನನ್ನು ಕರೆಸಿದರು, ಊರಿನ ನಾಲ್ಕು ಜನ ಹಿರಿಯರು ಬಂದರು. ಪಡಸಾಲೆಯಲ್ಲಿ ಕೊಬ್ಬರಿ ಮೂಟೆ ಪಕ್ಕ ನನ್ನನ್ನು ಕೂರಿಸಿದರು. ಮಾತು ಶುರುವಾಗಿದ್ದು ನೆನಪಿದೆ, ಮುಗಿದದ್ದು ನೆನಪಿಲ್ಲ. ನನ್ನ ಬಾಳು ಏನಾಗಬೇಕೆಂದು ತೀರ್ಮಾನ ಆಗುವಾಗ ನಾನು ಮೂಟೆಗೊರಗಿ ಗೊರಕೆ ಹೊಡೆಯುತ್ತಿದ್ದೆ! ಎಚ್ಚರವಾದಾಗ ಪಡಸಾಲೆ ಖಾಲಿಯಾಗಿತ್ತು, ನನ್ನ ಟ್ರಂಕು ಬಾಗಿಲಿಗೆ ಬಂದಿತ್ತು. ಅಪ್ಪ ಭುಜ ಅಲ್ಲಾಡಿಸಿ, "ಏಳವ್ವ, ಊರಿಗೆ ಹೋಗಾನ" ಅಂದರು.

ನಡೆದದ್ದನ್ನು ಬಸ್ಸಿನಲ್ಲಿ ಅಪ್ಪನೇ ಹೇಳಿದರು. "ಇಷ್ಟು ದೊಡ್ಡ ಮಾತು ನಡೀತಿದ್ರೂ ಮಲಗವ್ಳೆ, ಇವ್ಳಿಗೆ ಭಯ ಐತಾ ಭಕ್ತಿ ಐತಾ" ಎಂದು ಎಲ್ಲರೂ ಅಂದರಂತೆ. ಹೆಣ್ಣಿಗೆ ಫಿಟ್ಸ್ ಇರುವುದು ಗಟ್ಟಿಯಾದರೆ ಕೋರ್ಟಿನಲ್ಲಿ ಮದುವೆ ಬಿಡಿಸಬಹುದೆಂದು ಯಾರೋ ವಕೀಲರು ದೊಡ್ಡಮಾವನಿಗೆ ಹೇಳಿದ್ದರು. ಅದಕ್ಕೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತೋರಿಸಬೇಕು, ಫಿಟ್ಸು ಎಂದು ಹೇಳಿಸಬೇಕು, ಕಿವಿಯಾರೆ ಕೇಳಲು ದೊಡ್ಡಮಾವನೇ ಜೊತೆಗೆ ಬರುತ್ತಾರೆ. ನನ್ನ ಕಾಯಿಲೆ ಏನೆಂದು ತಿಳಿಯಲು ಅಷ್ಟು ದೂರ ಕರೆದುಕೊಂಡು ಹೋಗುವ ಮನಸ್ಸು ಯಾರಿಗೂ ಬಂದಿರಲಿಲ್ಲ. ನನ್ನನ್ನು ಬಿಡುವುದಕ್ಕೆ ಮಾತ್ರ ಬಂತು ನೋಡಿ.

ಆ ಆಸ್ಪತ್ರೆಯ ಹಾಲ್ ತುಂಬ ಜನ. ನಾನು ಕೂತಲ್ಲೇ ತೂಗುತ್ತಿದ್ದೆ. ಪಕ್ಕದಲ್ಲಿದ್ದ ಒಬ್ಬ ಹೆಂಗಸು, "ನಿದ್ದೆ ಬತ್ತದಾ? ನನ್ ಮೇಲೆ ಒರಗ್ಕೊ ಬುಡವ್ವ. ಹೆಸ್ರು ಕೂಗ್ದಾಗ ಎಬ್ಬಿಸ್ತೀನಿ" ಅಂದಳು. ಒರಗಿಕೊಂಡೆ. ನಿದ್ದೆ ಮಾಡಿದ್ದಕ್ಕೆ ಬೈಯದ ಹೊರಗಿನವರು ಅಂತ ನಾನು ಕಂಡದ್ದು ಆಕೆಯನ್ನೇ ಮೊದಲು. ಆಕೆಯ ಮಗಳಿಗೆ ನಿಜವಾಗಲೂ ಫಿಟ್ಸು. ಅವಳನ್ನೂ ಗಂಡನ ಮನೆಯವರು ವಾಪಸ್ ಕಳಿಸಿದ್ದರು. "ಫಿಟ್ಸಾದ್ರೇನವ್ವ, ಇವ್ಳು ಮನುಷ್ಯಳಲ್ವಾ?" ಅಂದಳು. ಅಲ್ಲಿಯವರೆಗೆ ನನಗೆ ಫಿಟ್ಸಲ್ಲ, ಫಿಟ್ಸಲ್ಲ ಎಂದು ದೇವರಿಗೆ ಮೊರೆಯಿಡುತ್ತಿದ್ದ ನಾನು ಆ ಹುಡುಗಿಯ ಮುಖ ನೋಡಿ ನಾಚಿಕೊಂಡೆ.

ಡಾಕ್ಟರು ನಡುವಯಸ್ಸಿನ ಹೆಂಗಸು. ಎಂದಿನಂತೆ ದೊಡ್ಡಮಾವನೇ ಶುರು ಮಾಡಿದರು. ಆಕೆ ಕೈಯೆತ್ತಿ ತಡೆದು, "ಯಜಮಾನ್ರೇ, ಬೀಳೋರು ನೀವಾ, ಅವರಾ?" ಅಂದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬ ಡಾಕ್ಟರು ನನ್ನ ಕಡೆ ತಿರುಗಿ, "ಹೇಳಮ್ಮ, ಮೊದಲಿಂದ ಹೇಳು" ಅಂದರು. ಎಲ್ಲ ಹೇಳಿದೆ. ಬೆಂಚು, ಹೊಸಿಲು, ಮಚ್ಚು. "ಅವತ್ತು ನಗು ಬಂದಿದ್ದು ಯಾಕೆ?" ಅಂದರು. ಒಗಟು ಹೇಳಿ, ಮುದುಕಿಯ ಮಾತು ಹೇಳಿದೆ. ಡಾಕ್ಟರು ಫಕ್ಕನೆ ನಕ್ಕುಬಿಟ್ಟರು. ಅವರು ನಕ್ಕಿದ್ದು ನೋಡಿ ನನಗೂ ತಡೆಯಲಿಲ್ಲ. ಕುರ್ಚಿಯಿಂದ ಜಾರಿ ಅವರ ಕಾಲ ಬುಡದಲ್ಲೇ ಬಿದ್ದೆ.

ಆಕೆ ಗಾಬರಿಯಾಗಲಿಲ್ಲ. ನೆಲದ ಮೇಲೆ ನನ್ನ ಪಕ್ಕ ಕೂತು, ರೆಪ್ಪೆ ಎತ್ತಿ ನೋಡಿದರು, ಮಂಡಿಗೆ ಪುಟ್ಟ ಸುತ್ತಿಗೆಯಲ್ಲಿ ತಟ್ಟಿದರು. ಹಿಂದಿನಿಂದ ದೊಡ್ಡಮಾವನ ದನಿ ಕೇಳಿಸಿತು. "ನೋಡಿದ್ರಾ ಡಾಕ್ಟ್ರಮ್ಮ, ಇದೇ ಫಿಟ್ಸು. ಹೇಳ್ಬುಡಿ, ನಮ್ ಹುಡ್ಗನಿಗೆ ಬೇರೆ ಹೆಣ್ಣು ನೋಡಿದ್ದಾಗೈತೆ." ನಾನು ಎದ್ದು ಕೂತ ಮೇಲೆ ಡಾಕ್ಟರು, "ಬಿದ್ದಾಗ ಏನು ಕೇಳಿಸ್ತು?" ಅಂದರು. ಒಂದಕ್ಷರ ಬಿಡದೆ ಹೇಳಿದೆ. ಬೇರೆ ಹೆಣ್ಣು ನೋಡಿದ್ದನ್ನೂ ಹೇಳಿದೆ. ಅಪ್ಪ ತಲೆ ಎತ್ತಿ ದೊಡ್ಡಮಾವನನ್ನೇ ನೋಡಿದರು. ಹೇಗೂ ಬಾಯಿ ಬಿಟ್ಟಿದ್ದಾಗಿತ್ತಲ್ಲ, "ಮದ್ವೆ ದಿನ ನನ್ ಮೂಗಿಗೆ ಹಿಡಿದಿದ್ದು ನಿಮ್ ಚಪ್ಪಲಿ, ದೊಡ್ಡಮಾವ" ಅಂತಲೂ ಅಂದೆ.

ಕೆಲವು ದಿನ ಅಲ್ಲೇ ಇಟ್ಟುಕೊಂಡು ತಲೆಗೆ ತಂತಿ ಅಂಟಿಸಿ, ಮಲಗಿಸಿ, ಎಬ್ಬಿಸಿ ನೋಡಿದರು. ಕೊನೆಗೆ ಡಾಕ್ಟರು ನನ್ನನ್ನೇ ಕೂರಿಸಿಕೊಂಡು ಹೇಳಿದರು. "ಇದು ಫಿಟ್ಸ್ ಅಲ್ಲ. ನಿದ್ದೆಯದೇ ಒಂದು ಕಾಯಿಲೆ. ನೀನು ಸೋಮಾರಿನೂ ಅಲ್ಲ, ನಾಟಕನೂ ಆಡ್ತಿಲ್ಲ." ನಾನು ಅತ್ತುಬಿಟ್ಟೆ. ಕಾಯಿಲೆ ಇದೆ ಎಂದಿದ್ದಕ್ಕೆ ಸಂತೋಷಪಟ್ಟು ಅತ್ತವರನ್ನು ಆ ಆಸ್ಪತ್ರೆ ಬಹಳ ಕಂಡಿರಲಾರದು. ಫಿಟ್ಸಿನ ಮಾತ್ರೆ ನಿಲ್ಲಿಸಿ, ಹಗಲು ಎಚ್ಚರವಿರಲು ಒಂದು ಮಾತ್ರೆ, ಬೀಳುವುದು ಕಮ್ಮಿಯಾಗಲು ಇನ್ನೊಂದು ಕೊಟ್ಟರು. ವಾಸಿಯಾಗುವಂಥದ್ದಲ್ಲ, ಬದುಕಿರುವವರೆಗೂ ನುಂಗಬೇಕಾಗಬಹುದು ಅಂದರು. ದೊಡ್ಡಮಾವ ಅಷ್ಟು ಹೊತ್ತಿಗೆ ಹೇಳದೆ ಕೇಳದೆ ರೈಲು ಹತ್ತಿಬಿಟ್ಟಿದ್ದರು.

ಎಚ್ಚರದ ಮಾತ್ರೆ ನುಂಗಿದರೆ ಬಾಯಿ ಒಣಗುತ್ತಿತ್ತು, ಎದೆ ಡವಡವ ಅನ್ನುತ್ತಿತ್ತು, ಊಟ ಸೇರುತ್ತಿರಲಿಲ್ಲ. ಸುಖವಾದ ಔಷಧಿಯೇನಲ್ಲ. ಆದರೆ ಊರಿಗೆ ಬಂದ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ತೋಟಕ್ಕೆ ಬುತ್ತಿ ತಗೊಂಡು ಹೋದೆ. ಅಪ್ಪ ಉಂಡು ಕೈ ತೊಳೆದು, ಎಂದಿನಂತೆ ಹೊಂಗೆ ನೆರಳಿನ ಕಡೆ ನೋಡಿದರು. ನನಗೆ ನಿದ್ದೆ ಬಂದಿರಲಿಲ್ಲ. ಗರಿಗಳ ನಡುವೆ ಬಿಸಿಲು ಇಳಿಯುತ್ತಿತ್ತು. ಅಳಿಲೊಂದು ಕಾಂಡದ ಮೇಲೆ ಇಳಿದು, ನನ್ನನ್ನು ನೋಡಿ, ಮತ್ತೆ ಹತ್ತಿತು. ದೂರದಲ್ಲಿ ಯಾರೋ ಪಂಪ್‌ಸೆಟ್ ನಿಲ್ಲಿಸಿದರು. ಮಧ್ಯಾಹ್ನ ಸರಿದು ಸಂಜೆಯಾಗುವುದನ್ನು ಕೂತು ಪೂರಾ ನೋಡಿದೆ. "ಅಪ್ಪಾ, ಎಲ್ಲಾರ್ಗೂ ದಿನಾ ಹಿಂಗೇ ಇರ್ತದಾ?" ಅಂದೆ. "ಊಂ ಕಣವ್ವ" ಅಂದರು ಅಪ್ಪ. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಎಲ್ಲರಿಗೂ ಇಷ್ಟು ದೊಡ್ಡ ಹಗಲು ಇತ್ತು, ಅದನ್ನು ಇಟ್ಟುಕೊಂಡು ನನ್ನನ್ನು ಸೋಮಾರಿ ಅಂದರಲ್ಲ!

ಮಾತ್ರೆ ಮುಗಿದಾಗ ಚೀಟಿ ಹಿಡಿದು ಪೇಟೆಯ ಔಷಧಿ ಅಂಗಡಿಗೆ ಹೋದೆವು. ಅಂಗಡಿಯವನು ಚೀಟಿಗಿಂತ ಹೆಚ್ಚು ನನ್ನನ್ನೇ ಮೇಲೆ ಕೆಳಗೆ ನೋಡಿದ. "ಇದು ಲಾರಿ ಡ್ರೈವರ್‌ಗಳು ಕೇಳೋ ಮಾತ್ರೆ ಕಣಮ್ಮ. ಮರ್ಯಾದಸ್ಥ ಹೆಂಗ್ಸಿಗೆ ಯಾಕಿದು?" ಅಂದ. ಸಕ್ಕರೆ ಕಾಯಿಲೆ ಮಾತ್ರೆ ಕೇಳಿದವರ ಮರ್ಯಾದೆಯನ್ನು ಯಾರಾದರೂ ಹೀಗೆ ಕೇಳುತ್ತಾರಾ? ನಾನು ಜಗಳಕ್ಕೆ ನಿಂತೆ. ಅಪ್ಪ ಎಳೆದುಕೊಂಡು ಬಂದರು. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಅಪ್ಪನೇ ತಿಪಟೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಮಾತ್ರೆ ತರುತ್ತಿದ್ದರು. ಆಮೇಲೆ ನನಗೆ ಬಾಲವಾಡಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮಧ್ಯಾಹ್ನ ಮಕ್ಕಳನ್ನು ಮಲಗಿಸಬೇಕು, ಆಯಾ ಕಾವಲಿಗೆ ಕೂತರೆ ನಾನೂ ಅವರ ಪಕ್ಕ ಒಂದು ಗಳಿಗೆ ಮಲಗುತ್ತಿದ್ದೆ. ಮಾತ್ರೆಯ ಜೊತೆಗೆ ಅಷ್ಟು ನಿದ್ದೆಯೂ ಬೇಕೆಂದು ಡಾಕ್ಟರೇ ಹೇಳಿದ್ದರು. ಮಕ್ಕಳು ನಗಿಸುತ್ತಿದ್ದವು, ಮಂಡಿ ಸ್ವಲ್ಪ ಸಡಿಲವಾಗುತ್ತಿತ್ತು, ನಾನು ಗೋಡೆ ಹಿಡಿಯುತ್ತಿದ್ದೆ. ಅವು ಅದನ್ನೂ ಒಂದು ಆಟ ಮಾಡಿಕೊಂಡು ತಾವೂ ಗೋಡೆ ಹಿಡಿಯುತ್ತಿದ್ದವು.

ಸುದ್ದಿ ಚಿಕ್ಕನಾಯಕನಹಳ್ಳಿ ಕಡೆಗೂ ಹೋಯಿತು. ಹುಡುಗಿ ಎದ್ದು ಓಡಾಡುತ್ತಾಳೆ, ಕೆಲಸವನ್ನೂ ಮಾಡುತ್ತಾಳೆ. ಕೋರ್ಟಿಗೆ ಹೋಗಲು ಫಿಟ್ಸಂತೂ ಇಲ್ಲ, ನೋಡಿಟ್ಟಿದ್ದ ಬೇರೆ ಹೆಣ್ಣೂ ಕೈತಪ್ಪಿತ್ತು. ಒಂದು ದಿನ ದೊಡ್ಡಮಾವ, ಅತ್ತೆ, ನನ್ನನ್ನು ಮದುವೆಯಾದವರು, ಹೂವು ವೀಳ್ಯದೆಲೆ ಹಿಡಿದು ನಮ್ಮ ಮನೆಗೆ ಬಂದರು. ಅವ್ವನಿಗೆ ಹಿಗ್ಗು. ಎಲ್ಲರೂ ಪಡಸಾಲೆಯಲ್ಲಿ ಕೂತರು. ನಾನು ಬಾಗಿಲ ಕಂಬದ ಹತ್ತಿರ ನಿಂತೆ. ಸುಳ್ಳು ಹೇಳುವುದಿಲ್ಲ, ನನಗೂ ಹೋಗಬೇಕೆಂಬ ಆಸೆ ಇತ್ತು. ಜಡೆಯಿಂದ ಅಕ್ಕಿ ತೆಗೆದ ಆ ಬೆರಳುಗಳು ನೆನಪಿಗೆ ಬರುತ್ತಿದ್ದವು.

"ಹಳೇದೆಲ್ಲ ಮರ್ತುಬುಡಾನ" ಅಂದರು ದೊಡ್ಡಮಾವ. "ವಾಸಿಯಾಯ್ತಲ್ಲ, ಕಳ್ಸಿಕೊಡಿ. ಒಂದೇ ಮಾತು, ಆ ಮಾತ್ರೆ ಬ್ಯಾಡ. ಎಚ್ಚರ ಇರಾಕೂ ಮಾತ್ರೆ ನುಂಗೋ ಸೊಸೆ ಅಂತ ಊರೋರು ಆಡ್ಕಂತಾರೆ."

"ಹೊಟ್ಟೇಲಿ ಮಗು ನಿಲ್ದೇ ಹೋದ್ರೆ?" ಅಂದರು ಅತ್ತೆ.

"ಅದನ್ನ ಡಾಕ್ಟ್ರನ್ನೇ ಕೇಳಾನ" ಅಂದರು ಅಪ್ಪ. ದೊಡ್ಡಮಾವ ಕೇಳಿಸಿಕೊಳ್ಳಲಿಲ್ಲ.

ನಾನು ನನ್ನ ಕೈ ಹಿಡಿದವರ ಕಡೆ ತಿರುಗಿದೆ. ಎಲ್ಲರ ಎದುರಿಗೆ ನಾನು ಅವರ ಜೊತೆ ಮಾತಾಡಿದ್ದು ಅದೇ ಮೊದಲು. "ಮಾತ್ರೆ ಬಿಟ್ರೆ ಮತ್ತೆ ಒಲೆ ಮುಂದೆ ಮಲಗ್ತೀನಿ, ಮತ್ತೆ ಬೀಳ್ತೀನಿ. ನಿಮಗೆ ಅದು ಸರಿನಾ? ನೀವು ಹೇಳಿ." ಅವರು ನನ್ನನ್ನು ನೋಡಿದರು. ಒಂದು ಗಳಿಗೆ ಏನೋ ಹೇಳುತ್ತಾರೆ ಅನ್ನಿಸಿತು. ಆಮೇಲೆ ಕಣ್ಣು ದೊಡ್ಡಮಾವನ ಕಡೆ ಹೋಯಿತು. "ದೊಡ್ಡಪ್ಪ ಹೇಳ್ದಂಗೆ ಮಾಡಾನ" ಅಂದರು.

"ಸರಿ, ಮಾತು ಮುಗೀತು" ಎಂದು ದೊಡ್ಡಮಾವ ಎಲೆಗೆ ಸುಣ್ಣ ಹಚ್ಚಿದರು.

"ಮುಗೀಲಿಲ್ಲ" ಅಂದೆ. "ಹೋದ ಸಲ ನಾನು ನಿದ್ದೆ ಮಾಡ್ತಿದ್ದಾಗ ಮುಗಿಸಿದ್ರಿ. ಈಗ ಎದ್ದಿದೀನಿ. ಅವತ್ತು ಹೊಸಿಲಲ್ಲಿ ಒಂದು ಮಾತು ಬಾಕಿ ಉಳ್ದಿತ್ತಲ್ಲ, ಅದನ್ನ ಹೇಳ್ಬಿಡ್ತೀನಿ."

ಅತ್ತೆ ಮುಖ ಅರಳಿತು. ನಾನು ಒಗಟು ಕಟ್ಟುತ್ತೇನೆ ಅಂದುಕೊಂಡರು. ಅವ್ವ ಒಳಗಿನಿಂದ ಸೆರಗು ಸರಿಮಾಡಿಕೊಳ್ಳುತ್ತಾ ಓಡಿಬಂದಳು.

ಅಟ್ಟ, ಕಾಯಿ, ಹಾಲು ಏನೂ ಇಲ್ಲ. ಅವರ ಮುಖ ನೋಡಿಕೊಂಡು, ಊರ ಗಂಡಸರನ್ನು ಕರೆಯುವ ಹಾಗೆ ಕರೆದೆ. "ಬಸವರಾಜು, ನೀವು ಹೋಗ್ಬನ್ನಿ."

ಅವ್ವ "ಅಯ್ಯೋ ಶಿವನೇ!" ಎಂದು ಬಾಯಿಗೆ ಕೈ ಅಡ್ಡ ಇಟ್ಟಳು. ಗಂಡನ ಹೆಸರನ್ನು ಹಾಗೆ ಬರಿದಾಗಿ ಕರೆದವಳು ಇನ್ನು ಅವನ ಹೆಂಡತಿಯಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಪ್ಪ ಮಾತ್ರ ಎದ್ದು ಬಂದು ನನ್ನ ಪಕ್ಕ ನಿಂತರು. ದೊಡ್ಡಮಾವ ಎಲೆ ಅಲ್ಲೇ ಬಿಟ್ಟು ಎದ್ದು, ಸಿಟ್ಟಿನಲ್ಲಿ ಚಪ್ಪಲಿಗಾಗಿ ಜಗಲಿಯೆಲ್ಲ ಕಾಲಲ್ಲಿ ತಡಕಾಡಿದರು.

"ಕಂಬದ ಹಿಂದೆ ಐತೆ ದೊಡ್ಡಮಾವ" ಅಂದೆ. "ವಾಸನೆ ಬತ್ತಾ ಐತೆ."

ಮೊದಲು ನಕ್ಕಿದ್ದು ಅಪ್ಪ. ಆಮೇಲೆ ನನಗೂ ಬಂತು. ಮಂಡಿ ಸಡಿಲವಾಯಿತು. ಅಪ್ಪ ಕೈ ಚಾಚಿದರು, ಬೇಕಾಗಲಿಲ್ಲ. ಕಂಬ ಹಿಡಿದುಕೊಂಡು, ನಗು ಮುಗಿಯುವವರೆಗೂ ನಿಂತೇ ನಕ್ಕೆ.